ಶಾನುಭೋಗನ ಪಾತ್ರ ಯಾರಿಗೆ? ದೃಷ್ಟಿಯಿಲ್ಲದ ಕಲಾವಿದರು ಮತ್ತು ನಮ್ಮೂರ ರಂಗಭೂಮಿ

ಮಾಲತಿ ತೀರ, ತೀರ್ಥಹಳ್ಳಿ ತಾಲ್ಲೂಕು:

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಳಭಾಗದ ಒಂದು ಹವ್ಯಾಸಿ ನಾಟಕ ತಂಡ. ಅಡಿಕೆ ಸುಗ್ಗಿ ಮುಗಿದು ಎಲ್ಲರ ಕೈ ಬಿಡುವಾಗುವ ಹೊತ್ತಿಗೆ ವರ್ಷಕ್ಕೊಂದು ನಾಟಕ ಆಡುತ್ತೇವೆ. ತಾಲೀಮು ಮಾತ್ರ ಮಳೆಗಾಲದಲ್ಲಿಯೇ ಆರಂಭವಾಗುತ್ತದೆ. ಹೊರಗೆ ಬೇರಾವ ಕೆಲಸವೂ ಸಾಗದ ಸಂಜೆಗಳು ಆಗ ಧಾರಾಳವಾಗಿ ಸಿಗುತ್ತವೆ. ಈ ವರ್ಷ ನಮ್ಮ ತಂಡದವರೇ ಬರೆದ, ಜಮೀನಿನ ಅಳತೆ ಮತ್ತು ದಾಖಲೆಯ ಜಗಳವನ್ನು ಕುರಿತ ನಾಟಕವನ್ನು ಎತ್ತಿಕೊಂಡಿದ್ದೇವೆ. ಅದರಲ್ಲಿ ಹಳೆಯ ಕಾಲದ ಶಾನುಭೋಗನದೇ ಮುಖ್ಯ ಪಾತ್ರ.

ನಮ್ಮಲ್ಲಿ ಎರಡು ವರ್ಷಗಳಿಂದ ಹಾರ್ಮೋನಿಯಂ ನುಡಿಸುತ್ತಿರುವ 24 ವರ್ಷದ ಯುವಕನೊಬ್ಬನಿದ್ದಾನೆ. ಹುಟ್ಟಿನಿಂದಲೇ ಅವನಿಗೆ ದೃಷ್ಟಿಯಿಲ್ಲ. ನಾಟಕವನ್ನು ಮೊದಲ ಸಲ ಎಲ್ಲರೂ ಕುಳಿತು ಓದಿದ ದಿನ ಅವನು ತನಗೆ ಶಾನುಭೋಗನ ಪಾತ್ರ ಬೇಕೆಂದು ಎಲ್ಲರ ಎದುರಿಗೆ ಕೇಳಿದ. ಆ ಓದನ್ನು ಫೋನಿನಲ್ಲಿ ಮುದ್ರಿಸಿಕೊಂಡು ಹೋಗಿದ್ದವನು, ಮುಂದಿನ ವಾರ ಎರಡನೆಯ ಅಂಕದ ಅಷ್ಟೂ ಮಾತನ್ನು ಬಾಯಿಪಾಠವಾಗಿ ಒಪ್ಪಿಸಿಯೂ ಬಿಟ್ಟ. ಚೆನ್ನಾಗಿಯೇ ಇತ್ತು. ಆದರೆ ಶಾನುಭೋಗನೆಂದರೆ ದಿನವಿಡೀ ಕಡತ ನೋಡುವವನು, ಕನ್ನಡಕದ ಮೇಲಿನಿಂದ ರೈತರನ್ನು ಅಳೆಯುವವನು. ನಿರ್ದೇಶಕರು ತಕ್ಷಣಕ್ಕೆ ಏನೂ ಹೇಳಲಿಲ್ಲ. ಸಮಿತಿಯ ಸಭೆಯಲ್ಲಿ ಒಬ್ಬರು ಅವನಿಗೆ ಹಾಡುವ ಸೂತ್ರಧಾರನ ಪಾತ್ರ ಕೊಡೋಣ ಎಂದರು. ಇನ್ನೊಬ್ಬರು ಶಾನುಭೋಗನನ್ನೇ ಕುರುಡನನ್ನಾಗಿ ತಿದ್ದಿ ಬರೆಯೋಣ ಎಂದರು. ಮತ್ತೊಬ್ಬರು ಬಿದ್ದು ಪೆಟ್ಟು ಮಾಡಿಕೊಂಡರೆ ಹೊಣೆ ಯಾರು ಎಂದು ಕೇಳಿದರು. ಈ ಮೂರನೆಯ ಮಾತು ಬಂದ ಮೇಲೆ ಎಲ್ಲರೂ ಸುಮ್ಮನಾದರು.

ಈ ವಿಷಯದಲ್ಲಿ ಅನುಭವವಿರುವವರು, ಅದರಲ್ಲೂ ಸ್ವತಃ ದೃಷ್ಟಿದೋಷವುಳ್ಳವರು, ದಯವಿಟ್ಟು ತಿಳಿಸಬೇಕು. ಅವನನ್ನು ನೋಯಿಸುವುದೂ ಬೇಡ, ನಾಟಕ ಕೆಡುವುದೂ ಬೇಡ ಎಂಬುದು ನಮ್ಮ ಸ್ಥಿತಿ.

ಹಿಮ್ಮೇಳ, ಸಾಗರ:

ನಾನು ಮದ್ದಳೆ ಬಾರಿಸುವವನಾದ್ದರಿಂದ ನನ್ನ ಉತ್ತರ ನನ್ನ ಕಡೆಗೇ ಸ್ವಲ್ಪ ವಾಲಿದರೆ ಕ್ಷಮಿಸಿ. ದೃಷ್ಟಿಯಿಲ್ಲದ ಕಲಾವಿದನಿಗೆ ನಮ್ಮ ಸೀಮೆಯಲ್ಲಿ ತಾಳಮದ್ದಳೆಗಿಂತ ಸಹಜವಾದ ರಂಗ ಇನ್ನೊಂದಿಲ್ಲ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಓಡಾಟವಿಲ್ಲ. ಭಾಗವತರು ಪದ ಹೇಳಿದ ಮೇಲೆ ಅರ್ಥಧಾರಿ ಕುಳಿತಲ್ಲಿಯೇ ಅದರ ಅರ್ಥವನ್ನು ಬೆಳೆಸುತ್ತಾನೆ, ಎದುರಿನವನು ಅದಕ್ಕೆ ಏನು ಮಾರುತ್ತರ ಕೊಡುತ್ತಾನೆಂಬುದು ಯಾವ ಪುಸ್ತಕದಲ್ಲಿಯೂ ಬರೆದಿರುವುದಿಲ್ಲ. ಪ್ರಸಂಗದ ತಿಳಿವಳಿಕೆ, ಮಾತಿನ ಹದ, ಎದುರಾಳಿಯ ಮಾತನ್ನು ಕಿವಿಗೊಟ್ಟು ಕೇಳುವ ತಾಳ್ಮೆ ಇದ್ದರೆ ಸಾಕು. ಕೇಳುವವರಿಗೂ ಕಣ್ಣಿನ ಕೆಲಸ ಕಡಿಮೆ. ಮಳೆಗಾಲದ ಕೂಟಗಳಲ್ಲಿ ಮುಂದಿನ ಸಾಲಿನ ಹಿರಿಯರು ಕಣ್ಣು ಮುಚ್ಚಿಯೇ ಕೇಳುತ್ತಾರೆ. ಅವರು ಆಲಿಸುತ್ತಿದ್ದಾರೋ ನಿದ್ರಿಸುತ್ತಿದ್ದಾರೋ ಎಂಬುದು ನಮಗೆ ಇನ್ನೂ ತಿಳಿದಿಲ್ಲ.

ಬಯಲಾಟದಲ್ಲಿ ಕೂಡ ಅರ್ಧ ಕಥೆ ಕಿವಿಗೇ ಬರುತ್ತದೆ. ಚಂಡೆಯ ಪೆಟ್ಟು ಬದಲಾದೊಡನೆ ಬರುತ್ತಿರುವುದು ರಾಕ್ಷಸ ವೇಷವೋ ಸ್ತ್ರೀವೇಷವೋ ಎಂದು ಹೇಳಬಲ್ಲವರು ನಮ್ಮಲ್ಲಿ ಎಷ್ಟೋ ಜನರಿದ್ದಾರೆ. ನಿಮ್ಮ ಹುಡುಗನನ್ನು ಸಾಗರದ ಕಡೆಗೆ ಕಳಿಸಿಕೊಡಿ, ನಾವು ಅರ್ಥ ಹೇಳಿಸುತ್ತೇವೆ. ನಾಟಕದ ಅಟ್ಟದ ಮೇಲೆ ಅವನನ್ನು ಓಡಾಡಿಸುವ ತಾಪತ್ರಯ ಯಾಕೆ?

ಬಿಳಿಕೋಲು, ಭದ್ರಾವತಿ:

ಹಿಮ್ಮೇಳದವರ ಪ್ರೀತಿಗೆ ನಾನು ಋಣಿ. ಆದರೆ ಅವರ ಕೊನೆಯ ಪ್ರಶ್ನೆಗೆ ಉತ್ತರ ಕೊಡಲೇಬೇಕು. ನನಗೆ ರೆಟಿನೈಟಿಸ್ ಪಿಗ್ಮೆಂಟೋಸಾ ಇದೆ. ಬಾಲ್ಯದಲ್ಲಿ ಇರುಳುಗುರುಡಿನಿಂದ ಶುರುವಾದದ್ದು ಈಗ, ನಲವತ್ತೊಂದರ ಪ್ರಾಯದಲ್ಲಿ, ಕೊಳವೆಯೊಳಗಿಂದ ನೋಡಿದಷ್ಟಕ್ಕೆ ಬಂದು ನಿಂತಿದೆ. ಎದುರಿಗಿರುವವರ ಮೂಗು ಕಾಣುತ್ತದೆ, ಅವರು ಚಾಚಿದ ಕೈ ಕಾಣುವುದಿಲ್ಲ. ಇದನ್ನು ಹೇಳುವುದಕ್ಕೆ ಕಾರಣವಿದೆ. ಕಾಯ್ದೆಯ ಪ್ರಕಾರ, ಚೆನ್ನಾಗಿ ಕಾಣುವ ಕಣ್ಣಿನಲ್ಲಿ ಕನ್ನಡಕ ಹಾಕಿದ ಮೇಲೆಯೂ ದೃಷ್ಟಿ 3/60ಕ್ಕಿಂತ (ಅಂದರೆ ಸಾಮಾನ್ಯ ಕಣ್ಣಿಗೆ 60 ಮೀಟರಿನಿಂದ ಕಾಣುವುದು 3 ಮೀಟರಿನಿಂದ ಮಾತ್ರ ಕಾಣುವುದಕ್ಕಿಂತ) ಕಡಿಮೆಯಿದ್ದರೆ, ಅಥವಾ ದೃಷ್ಟಿಯ ಹರವು 10 ಡಿಗ್ರಿಗಿಂತ ಕಿರಿದಾದರೆ ಅದು ಅಂಧತ್ವವೇ. ಹಾಗಾಗಿ ಕುರುಡರೆಂದರೆ ಎಲ್ಲರಿಗೂ ಕಗ್ಗತ್ತಲೆಯೆಂದು ತಿಳಿಯಬೇಡಿ. ನಮ್ಮಲ್ಲಿ ಬೆಳಕು ಕಾಣುವವರಿದ್ದಾರೆ, ಬಣ್ಣ ಕಾಣುವವರಿದ್ದಾರೆ, ನಡುವೆ ಮಾತ್ರ ಮಬ್ಬಾಗಿ ಅಂಚು ಕಾಣುವವರಿದ್ದಾರೆ. ಮೊದಲು ಅವರವರನ್ನೇ ಕೇಳಿ ತಿಳಿದುಕೊಳ್ಳಬೇಕು.

ತಾಳಮದ್ದಳೆ ದೊಡ್ಡ ಕಲೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಯುವಕ ಕೇಳಿದ್ದು ಶಾನುಭೋಗನ ಪಾತ್ರವನ್ನು. ನಮ್ಮ ಸಮಾಜ ನಮ್ಮಂಥವರಿಗೆ ಎರಡು ಕುರ್ಚಿ ಮೊದಲೇ ಹಾಕಿಟ್ಟಿರುತ್ತದೆ. ಒಂದು ಹಾರ್ಮೋನಿಯಂ ಮುಂದೆ, ಇನ್ನೊಂದು ಸನ್ಮಾನದ ವೇದಿಕೆಯ ಮೇಲೆ. ಬೇರೆ ಕಡೆ ಕುಳಿತರೆ ಜಾಗ ತಪ್ಪಿ ಕುಳಿತಿದ್ದಾನೆಂದು ಎಬ್ಬಿಸಲು ಬರುತ್ತಾರೆ. ಕಾಲೇಜಿನಲ್ಲಿದ್ದಾಗ ನಾನೂ ನಾಟಕಕ್ಕೆ ಹೆಸರು ಕೊಟ್ಟಿದ್ದೆ. ನನಗೆ ಸಿಕ್ಕಿದ್ದು ಧೃತರಾಷ್ಟ್ರ. ಆ ಪಾತ್ರದ ಬಗ್ಗೆ ನನಗೆ ತಕರಾರಿಲ್ಲ, ಅದರಷ್ಟು ಆಳವಾದ ಪಾತ್ರಗಳು ಕಡಿಮೆ. ಆದರೆ ಮರುವರ್ಷ ಬೇರೆ ನಾಟಕ ಬಂದಾಗ ಅದರಲ್ಲಿ ಕುರುಡನಿರಲಿಲ್ಲ, ಆದ್ದರಿಂದ ನಾನೂ ಇರಲಿಲ್ಲ. ಕಣ್ಣಿದ್ದವರು ತಲೆತಲಾಂತರದಿಂದ ಧೃತರಾಷ್ಟ್ರನಾಗುತ್ತ ಬಂದಿದ್ದಾರೆ, ಯಾರೂ ಆಕ್ಷೇಪಿಸಿಲ್ಲ. ಕಣ್ಣಿಲ್ಲದವನು ಒಂದು ಸಂಜೆಯ ಮಟ್ಟಿಗೆ ಶಾನುಭೋಗನಾದರೆ ಯಾವ ಕಡತ ಅಳಿಸಿಹೋಗುತ್ತದೆ?

ಇನ್ನು ಪಾತ್ರವನ್ನೇ ಕುರುಡನನ್ನಾಗಿ ತಿದ್ದುವ ಸಲಹೆಯನ್ನು ದಯವಿಟ್ಟು ಕೈಬಿಡಿ. ಅವನು ನಟಿಸಬೇಕೆಂದು ಕೇಳಿದ್ದಾನೆ. ತಾನಾಗಿಯೇ ಇರುವುದಕ್ಕೆ ಅವನಿಗೆ ನಾಟಕ ಬೇಕಾಗಿಲ್ಲ.

ಪೆಟ್ಟಾದರೆ ಹೊಣೆ ಯಾರು ಎಂಬ ಪ್ರಶ್ನೆಯನ್ನು ಕಣ್ಣಿರುವ ನಟರ ವಿಷಯದಲ್ಲಿಯೂ ಒಮ್ಮೆ ಕೇಳಿ ನೋಡಿ. ಕತ್ತಲಾದಾಗ ಸೈಡ್‌ವಿಂಗಿನಲ್ಲಿ ಮೊಳೆಗೆ ಕಾಲು ಕೊಟ್ಟವರ ಪಟ್ಟಿ ಪ್ರತಿ ತಂಡದಲ್ಲಿಯೂ ಇರುತ್ತದೆ.

ಮೇಷ್ಟ್ರು, ಹೊಸನಗರ:

ಬಿಳಿಕೋಲು ಅವರ ಮಾತಿಗೆ ಒಂದು ಸಣ್ಣ ತಿದ್ದುಪಡಿ, ಅವರ ಪರವಾಗಿಯೇ. ಹಾರ್ಮೋನಿಯಂ ಮುಂದಿನ ಕುರ್ಚಿಯನ್ನು ನಾವು ಹಗುರವಾಗಿ ಕಾಣಬಾರದು. ಕನ್ನಡ ರಂಗಭೂಮಿಯಲ್ಲಿ ಆ ಕುರ್ಚಿಯಿಂದಲೇ ಇಡೀ ಕಂಪನಿ ನಡೆಸಿದವರಿದ್ದಾರೆ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳಿಗೂ (1892–1944) ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ (1914–2010) ದೃಷ್ಟಿಯಿರಲಿಲ್ಲ. ಆಶ್ರಮದ ಮಕ್ಕಳ ಅನ್ನಕ್ಕೂ ವಿದ್ಯೆಗೂ ಹಣ ಬೇಕಾದಾಗ ಅವರು ನಾಟಕ ಕಂಪನಿಯನ್ನೇ ಕಟ್ಟಿದರು. ಪುಟ್ಟರಾಜರು ನಾಟಕಗಳನ್ನು ತಾವೇ ರಚಿಸಿದರು, ಸಂಗೀತ ಕೂಡಿಸಿದರು. ಅವರಿಗೆ 2010ರಲ್ಲಿ ಪದ್ಮಭೂಷಣ ಬಂದಾಗ ಪತ್ರಿಕೆಗಳೆಲ್ಲ ಸಂಗೀತವನ್ನು ನೆನೆದವು. ನಾಟಕದ ಮಾತು ಕಡಿಮೆ ಬಂತು. ಅಂಧರು ರಂಗಭೂಮಿಗೆ ಬರಬಹುದೇ ಎಂದು ನಾವು ಇಂದು ಚರ್ಚಿಸುತ್ತಿದ್ದೇವೆ, ಅವರು ಅಂದೇ ಟಿಕೆಟ್ ಮಾರಿ ಮುಗಿಸಿದ್ದರು.

ಶಾನುಭೋಗನ ಪಾತ್ರದ ಬಗ್ಗೆ ಹೇಳುವುದಾದರೆ, ನನ್ನ ತಂದೆಯವರೇ ಶಾನುಭೋಗರಾಗಿದ್ದರು. ನಮ್ಮ ಮನೆಯಲ್ಲಿ ಇನ್ನೂ ಎರಡು ಕಡತಗಳಿವೆ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲನ್ನು ಬಳಿದು ಒಣಗಿಸಿ, ಬೀಸಣಿಗೆಯಂತೆ ಮಡಿಕೆ ಹಾಕಿ, ಬಳಪದಿಂದ ಬರೆಯುತ್ತಿದ್ದ ಕರಿಯ ಪುಸ್ತಕ ಅದು. ನನ್ನ ತಂದೆ ಕಡೆಗಾಲದಲ್ಲಿ ಕಣ್ಣಿಗೆ ಪೊರೆ ಬಂದಿದ್ದಾಗ, ಯಾವ ಮಡಿಕೆಯಲ್ಲಿ ಯಾರ ಗದ್ದೆಯಿದೆಯೆಂದು ಬೆರಳಿನಿಂದಲೇ ಎಣಿಸಿ ತೆಗೆಯುತ್ತಿದ್ದರು. ಬೇಕಿದ್ದರೆ ಒಂದು ಕಡತವನ್ನು ತಾಲೀಮಿಗೆ ಕೊಡುತ್ತೇನೆ. ಆದರೆ ಮಳೆಯಲ್ಲಿ ಒದ್ದೆಯಾಗದಂತೆ ನೋಡಿಕೊಳ್ಳುವ ಹೊಣೆ ತಂಡದ ಕಾರ್ಯದರ್ಶಿಯವರದು.

ಪ್ರೇಕ್ಷಕ, ಶಿಕಾರಿಪುರ:

ಯಾರ ಮನಸ್ಸನ್ನೂ ನೋಯಿಸುವ ಉದ್ದೇಶವಿಲ್ಲ, ಆದರೂ ಕೇಳುತ್ತೇನೆ. ಜನ ನಾಟಕ ನೋಡುತ್ತಾರೋ, ಅಥವಾ ಎಲ್ಲಿ ಎಡವುತ್ತಾನೋ ಎಂದು ಅವನ ಕಾಲನ್ನೇ ನೋಡುತ್ತ ಕೂರುತ್ತಾರೋ? ಎಡವದಿದ್ದರೆ ಕನಿಕರದ ಚಪ್ಪಾಳೆ ಹೊಡೆಯುತ್ತಾರೆ. ಎರಡೂ ನಾಟಕಕ್ಕೆ ಒಳ್ಳೆಯದಲ್ಲ.

ಬಿಳಿಕೋಲು, ಭದ್ರಾವತಿ:

ನ್ಯಾಯವಾದ ಪ್ರಶ್ನೆ. ಇದಕ್ಕೆ ಅರ್ಧ ಪರಿಹಾರ ಮೈಕ್ ಹಿಡಿಯುವವರ ಕೈಯಲ್ಲಿದೆ. ಡಿಸೆಂಬರ್ 3ರ ಅಂಗವಿಕಲರ ದಿನಾಚರಣೆಯ ಒಂದು ಕಾರ್ಯಕ್ರಮದಲ್ಲಿ ನಮ್ಮ ಕಿರುನಾಟಕಕ್ಕೆ ಮುಂಚೆ ನಿರೂಪಕರು, ಹುಟ್ಟು ಕುರುಡರಾದರೂ ಎಂದು ಆರಂಭಿಸಿ ಐದು ನಿಮಿಷ ಕಣ್ಣೀರು ಹರಿಸಿದರು. ನಮ್ಮದು ಹಾಸ್ಯ ನಾಟಕವಾಗಿತ್ತು. ಮೊದಲ ಹತ್ತು ನಿಮಿಷ ಯಾರೂ ನಗಲಿಲ್ಲ, ನಕ್ಕರೆ ಪಾಪ ಬಂದೀತೆಂದು ಕುಳಿತಿದ್ದರು. ಆದ್ದರಿಂದ ಪ್ರಕಟಣೆ ಬೇಡ, ಕರಪತ್ರದಲ್ಲಿ ವಿಶೇಷಣ ಬೇಡ, ಶಾಲು ಬೇಡ. ಉಳಿದ ನಟರ ಹೆಸರಿನ ಜೊತೆಯಲ್ಲಿ ಅವನ ಹೆಸರೂ ಇರಲಿ.

ವಿಕಲಚೇತನ, ದಿವ್ಯಾಂಗ, ವಿಶೇಷಚೇತನ ಇವುಗಳಲ್ಲಿ ಯಾವ ಪದ ಬಳಸಬೇಕೆಂದು ಕೆಲವರು ನನಗೆ ಖಾಸಗಿಯಾಗಿ ಬರೆದು ಕೇಳಿದ್ದಾರೆ. ಅವನಿಗೊಂದು ಹೆಸರಿದೆಯಲ್ಲ.

ನೆರಳು-ಬೆಳಕು, ಶಿವಮೊಗ್ಗ:

ನಾನು ಹದಿನೆಂಟು ವರ್ಷಗಳಿಂದ ನಾಟಕಗಳಿಗೆ ಬೆಳಕಿನ ಕೆಲಸ ಮಾಡುತ್ತಿದ್ದೇನೆ. ದೃಷ್ಟಿಯಿಲ್ಲದ ನಟಿಯೊಬ್ಬರಿದ್ದ ನಾಟಕಕ್ಕೂ ದೀಪ ಹಾಕಿದ್ದೇನೆ, ಅಲ್ಲಿ ಕಲಿತದ್ದನ್ನು ಹೇಳುತ್ತೇನೆ.

ರಂಗದ ಮೇಲೆ ಜಮಖಾನದ ಅಡಿಯಲ್ಲಿ ಕಿರುಬೆರಳು ಗಾತ್ರದ ಹುರಿಯನ್ನು ಎಳೆದು ಎರಡೂ ತುದಿ ಬಿಗಿದಿದ್ದೆವು. ಬರಿಗಾಲಿಗೆ ಅದು ಸ್ಪಷ್ಟವಾಗಿ ತಿಳಿಯುತ್ತದೆ, ಸಭಿಕರಿಗೆ ಕಾಣುವುದಿಲ್ಲ. ನಡುವಿನ ಹುರಿ ಮೇಜಿಗೆ, ಬಲಗಡೆಯದು ನಿರ್ಗಮನಕ್ಕೆ. ಅಟ್ಟದ ಮುಂದಿನ ಅಂಚಿಗೆ ಮೂರು ಅಡಿ ಮೊದಲೇ ತೆಂಗಿನ ನಾರಿನ ಚಾಪೆಯ ಪಟ್ಟಿ ಹಾಸಿದ್ದೆವು. ಕಾಲಿಗೆ ಒರಟು ತಗುಲಿದ ಕೂಡಲೇ ನಿಲ್ಲಬೇಕು. ಹೆಜ್ಜೆ ಎಣಿಸಿಕೊಂಡರೆ ಸಾಲದೇ ಎಂದು ಮೊದಲು ನಾನೂ ಅಂದುಕೊಂಡಿದ್ದೆ. ಸಾಲುವುದಿಲ್ಲ. ಕೋಪದ ದೃಶ್ಯದಲ್ಲಿ ಹೆಜ್ಜೆ ಉದ್ದವಾಗುತ್ತದೆ, ದುಃಖದಲ್ಲಿ ಗಿಡ್ಡವಾಗುತ್ತದೆ. ತಾಲೀಮಿನಲ್ಲಿ ಏಳಾಗಿದ್ದದ್ದು ಪ್ರದರ್ಶನದ ದಿನ ಐದಕ್ಕೇ ಮುಗಿದು ಮೇಜಿಗೆ ಮಂಡಿ ತಾಗುತ್ತದೆ. ನಟನೆ ಚೆನ್ನಾದಷ್ಟೂ ಲೆಕ್ಕ ತಪ್ಪುತ್ತದೆ ಎನ್ನಬಹುದು.

ಬೆಳಕಿನ ವಿಷಯ ನನಗೇ ಆಶ್ಚರ್ಯ ತಂದದ್ದು. ಆ ನಟಿ ತನ್ನ ಜಾಗಕ್ಕೆ ಬಂದು ನಿಂತು, ಮುಖವನ್ನು ಗುಲಗಂಜಿಯಷ್ಟು ಅತ್ತಿತ್ತ ಆಡಿಸಿ, ಕೆನ್ನೆಗೆ ಬಿಸಿ ತಗುಲಿದ ಕಡೆಗೆ ಸ್ಥಿರವಾಗುತ್ತಿದ್ದರು. ಸಾವಿರ ವ್ಯಾಟಿನ ಹ್ಯಾಲೊಜೆನ್ ದೀಪದ ಕಾವು ಅವರಿಗೆ ದಿಕ್ಸೂಚಿಯಾಗಿತ್ತು. ಮುಂದಿನ ಪ್ರದರ್ಶನಕ್ಕೆ ಹೊಸ ಎಲ್‌ಇಡಿ ದೀಪಗಳು ಬಂದವು. ಅವುಗಳಲ್ಲಿ ಬೆಳಕಿದೆ, ಕಾವಿಲ್ಲ. ಅವರು ಎಂದಿಗಿಂತ ಎರಡು ಅಡಿ ಆಚೆ ನಿಂತು ಇಡೀ ಸ್ವಗತವನ್ನು ನೆರಳಿನಲ್ಲಿಯೇ ಹೇಳಿದರು. ತಪ್ಪು ನನ್ನದು. ಆಮೇಲಿನಿಂದ ಅವರಿಗಾಗಿ ಒಂದು ಹಳೆಯ ದೀಪವನ್ನು ಉಳಿಸಿಕೊಂಡೆವು.

ಇನ್ನೊಂದು ಮಾತು. ಇಸ್ರೇಲಿನ ಜಾಫಾ ನಗರದ ನಲಗಾಆತ್ ಎಂಬ ರಂಗತಂಡದಲ್ಲಿ ಕಣ್ಣು ಮತ್ತು ಕಿವಿ ಎರಡೂ ಇಲ್ಲದ ಕಲಾವಿದರೇ ಅಭಿನಯಿಸುತ್ತಾರೆ. ಅವರ ಒಂದು ನಾಟಕದಲ್ಲಿ ರಂಗದ ಮೇಲೆಯೇ ಹಿಟ್ಟು ನಾದಿ ರೊಟ್ಟಿ ಸುಡುತ್ತಾರೆ, ವಾಸನೆ ಸಭೆಗೆಲ್ಲ ಹರಡುತ್ತದೆ. ದೃಶ್ಯ ಬದಲಾಗುವ ಸೂಚನೆ ಅವರಿಗೆ ಡೋಲಿನ ಪೆಟ್ಟಿನ ಕಂಪನದಿಂದ ಸಿಗುತ್ತದೆ. ನಮ್ಮ ಚಂಡೆಗೆ ಅಷ್ಟು ಮಾಡುವ ಶಕ್ತಿ ಇದೆಯೆಂಬುದನ್ನು ಹಿಮ್ಮೇಳದವರು ಒಪ್ಪುತ್ತಾರೆಂದು ಭಾವಿಸಿದ್ದೇನೆ.

ಹಿಮ್ಮೇಳ, ಸಾಗರ:

ಒಪ್ಪಿದೆ. ಚಂಡೆಗೆ ಹಲಗೆಯ ಅಟ್ಟವೂ ನಡುಗುತ್ತದೆ, ಪಕ್ಕದ ಮನೆಯ ಕಿಟಕಿಯೂ ನಡುಗುತ್ತದೆ. ನನ್ನ ಮೊದಲಿನ ಬರಹದ ಕೊನೆಯ ಸಾಲನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಸಾಗರಕ್ಕೆ ಬನ್ನಿ ಎಂಬ ಆಹ್ವಾನ ಮಾತ್ರ ಹಾಗೆಯೇ ಇರಲಿ.

ಒಬ್ಬ ತಾಯಿ, ಸೊರಬ:

ನನ್ನ ಮಗಳಿಗೆ ಈಗ ಹದಿನೇಳು. ಕತ್ತಲೆ ಬೆಳಕಿನ ವ್ಯತ್ಯಾಸ ಮಾತ್ರ ತಿಳಿಯುತ್ತದೆ. ಶಾಲೆಯ ನಾಟಕದಲ್ಲಿ ಪ್ರತಿ ವರ್ಷ ಅವಳಿಗೆ ಪ್ರಾರ್ಥನಾ ಗೀತೆ ಕೊಡುತ್ತಿದ್ದರು. ಗೀತೆ ಮುಗಿದ ಮೇಲೆ ಒಬ್ಬರು ಅವಳನ್ನು ಕೈಹಿಡಿದು ತಂದು ನನ್ನ ಪಕ್ಕ ಕೂರಿಸುತ್ತಿದ್ದರು, ಉಳಿದ ಮಕ್ಕಳೆಲ್ಲ ಪರದೆಯ ಹಿಂದೆ ಬಣ್ಣ ಹಚ್ಚಿಕೊಂಡು ಗಲಾಟೆ ಮಾಡುತ್ತಿದ್ದರು. ಅವಳಿಗೆ ಬೇಕಾಗಿದ್ದದ್ದು ಆ ಗಲಾಟೆ. ನಾಟಕದ ದಿನ ಎರಡು ತಾಸಿನದು, ತಾಲೀಮು ಎರಡು ತಿಂಗಳದು, ಸ್ನೇಹವಾಗುವುದು ತಾಲೀಮಿನಲ್ಲಿ.

ಇಲ್ಲಿ ಯಾರೂ ಕೇಳದ ಒಂದು ಪ್ರಶ್ನೆ ಇದೆ. ತಾಲೀಮು ಮುಗಿದ ಮೇಲೆ ರಾತ್ರಿ ಒಂಬತ್ತೂವರೆಗೆ ಅವನನ್ನು ಮನೆ ಮುಟ್ಟಿಸುವವರು ಯಾರು? ಬಸ್ಸಿನ ಪಾಸು ಇದ್ದರೇನು, ನಮ್ಮ ಕಡೆ ಏಳು ಗಂಟೆಯ ಮೇಲೆ ಬಸ್ಸೇ ಇಲ್ಲ. ಇಷ್ಟು ದಿನ ಅವನ ಮನೆಯವರೇ ಕಾಯುತ್ತಿದ್ದಾರೆಂದರೆ ಅವರು ಒಂದು ದಿನ ಸಾಕಾಗಿ ನಿಲ್ಲಿಸುತ್ತಾರೆ. ಅಷ್ಟರಲ್ಲಿ ನಾವು ಅವನಿಗೇ ಆಸಕ್ತಿ ಹೋಯಿತೆಂದು ಹೇಳಿರುತ್ತೇವೆ.

ಕಾಯ್ದೆ ಪುಸ್ತಕ, ಶಿವಮೊಗ್ಗ:

ಕಾನೂನಿನ ಕಡೆಯಿಂದ ಕೆಲವು ಮಾತುಗಳು. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರ ಅಕ್ಟೋಬರ್ 1ರಂದು ಅನುಮೋದಿಸಿತು. ಅದರ 30ನೆಯ ವಿಧಿ ಸಾಂಸ್ಕೃತಿಕ ಬದುಕಿಗೆ ಸಂಬಂಧಿಸಿದ್ದು. ನಾಟಕ ನೋಡುವ ಅವಕಾಶದ ಜೊತೆಗೆ, ತಮ್ಮ ಸೃಜನಶಕ್ತಿಯನ್ನು ಬೆಳೆಸಿಕೊಂಡು ಬಳಸುವ ಅವಕಾಶವೂ ಇರಬೇಕೆಂದು ಅದು ಹೇಳುತ್ತದೆ. ಅದು ಅವರ ಒಳಿತಿಗೆ ಮಾತ್ರವಲ್ಲ, ಸಮಾಜ ಸಮೃದ್ಧವಾಗುವುದಕ್ಕೂ ಎಂಬ ಮಾತು ಅಲ್ಲಿಯೇ ಇದೆ. ನಮ್ಮ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 29ನೆಯ ಪ್ರಕರಣ ಇದನ್ನೇ ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳ ಕರ್ತವ್ಯವನ್ನಾಗಿ ಮಾಡಿದೆ. ಅಂಗವಿಕಲ ಕಲಾವಿದರಿಗೆ ಸೌಲಭ್ಯ, ಬೆಂಬಲ ಮತ್ತು ಪ್ರಾಯೋಜಕತ್ವ ಕೊಡುವುದೂ, ಅವರು ಭಾಗವಹಿಸಲಾಗುವಂತೆ ಕಲಾ ವಿಷಯಗಳ ಪಠ್ಯಕ್ರಮವನ್ನು ಮರುರೂಪಿಸುವುದೂ ಅದರಲ್ಲಿ ಸೇರಿವೆ.

ಸಾರ್ವಜನಿಕ ಕಟ್ಟಡ ಎಂಬುದರ ವ್ಯಾಖ್ಯೆಯೊಳಗೆ ಸಾಂಸ್ಕೃತಿಕ ಚಟುವಟಿಕೆಯ ಕಟ್ಟಡವೂ ಬರುತ್ತದೆ, ಅದು ಖಾಸಗಿಯದಾಗಿದ್ದರೂ ಸರಿ. ಹಳೆಯ ಕಟ್ಟಡಗಳನ್ನು ಸರಿಪಡಿಸಲು ಕಾಯ್ದೆ ಐದು ವರ್ಷ ಕೊಟ್ಟಿತ್ತು. ನಿಯಮಗಳು 2017ರ ಜೂನ್‌ನಲ್ಲಿ ಬಂದವು, ಲೆಕ್ಕ ನೀವೇ ಹಾಕಿ. ದೃಷ್ಟಿದೋಷವುಳ್ಳ ರಾಜೀವ್ ರತೂರಿ ಅವರು 2005ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2024ರ ನವೆಂಬರ್ 8ರಂದು, ಸುಗಮ್ಯತೆಯ ಮಾನದಂಡಗಳು ಬರಿಯ ಸಲಹೆಯಾಗಿ ಉಳಿಯಕೂಡದು, ಕಡ್ಡಾಯವಾಗಬೇಕು ಎಂದು ಹೇಳಿತು. ನಗರದ ರಂಗಮಂದಿರವೊಂದರಲ್ಲಿ ಮೆಟ್ಟಿಲಿನ ಅಂಚಿಗೆ ಹಳದಿ ಪಟ್ಟಿ ಬಳಿಯಿರೆಂದು ನಾನು ಮೂರು ಸಲ ಅರ್ಜಿ ಕೊಟ್ಟಿದ್ದೇನೆ. ಒಂದು ಡಬ್ಬಿ ಬಣ್ಣದ ಕೆಲಸ. ಉತ್ತರ ಬಂದಿಲ್ಲ.

ನಿಮ್ಮ ಹವ್ಯಾಸಿ ತಂಡದ ಬಾಗಿಲು ತಟ್ಟಿ ಪಾತ್ರ ಕೊಡಿ ಎಂದು ಯಾವ ಕಾಯ್ದೆಯೂ ಹೇಳುವುದಿಲ್ಲ. ಆದರೆ ತಾಲೀಮು ನಡೆಯುವುದು ಪಂಚಾಯಿತಿಯ ಸಭಾಂಗಣದಲ್ಲಾದರೆ ಅಲ್ಲಿನ ಕೈಪಿಡಿಗೂ ಮೆಟ್ಟಿಲಿಗೂ ಅರ್ಜಿ ಹಾಕಬಹುದು. ನಿಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಮೊದಲು ಕಾಣಿರಿ.

ಮೂರನೆಯ ಸಾಲು, ಹೆಗ್ಗೋಡಿನ ಹತ್ತಿರ:

ಚರ್ಚೆ ನಟರ ಸುತ್ತಲೇ ನಡೆದಿದೆ, ಪ್ರೇಕ್ಷಕರನ್ನೂ ಸೇರಿಸಿಕೊಳ್ಳೋಣ. ಆ ಯುವಕನ ಗೆಳೆಯರು ನಾಟಕಕ್ಕೆ ಬಂದರೆ ಅವರಿಗೆ ಏನು ಸಿಗುತ್ತದೆ? ಅಮೆರಿಕದ ವಾಷಿಂಗ್ಟನ್ನಿನ ಅರೀನಾ ಸ್ಟೇಜ್ ರಂಗಮಂದಿರದಲ್ಲಿ 1981ರಲ್ಲಿಯೇ, ಸ್ವತಃ ದೃಷ್ಟಿದೋಷವಿದ್ದ ಮಾರ್ಗರೆಟ್ ಫಾನ್‌ಸ್ಟೀಲ್ ಮತ್ತು ಮುಂದೆ ಅವರ ಪತಿಯಾದ ಕೋಡಿ ಸೇರಿ, ಮಾತುಗಳ ನಡುವಿನ ಬಿಡುವಿನಲ್ಲಿ ರಂಗದ ಮೇಲಿನ ಚಲನೆಯನ್ನು ಇಯರ್‌ಫೋನಿನ ಮೂಲಕ ಬಣ್ಣಿಸುವ ಪದ್ಧತಿಯನ್ನು ರೂಢಿಗೆ ತಂದರು. ನಾವು ಕಳೆದ ವರ್ಷ ಐದು ಮಂದಿಗಾಗಿ ಅದನ್ನು ಮಾಡಿ ನೋಡಿದೆವು. ಫೋನಿನ ಕಾನ್ಫರೆನ್ಸ್ ಕರೆಯಲ್ಲಿ ನಾನು ಮೂಲೆಯಲ್ಲಿ ಕುಳಿತು ಪಿಸುಗುಟ್ಟುತ್ತಿದ್ದೆ. ನನ್ನ ದನಿ ಒಂದು ಕ್ಷಣ ತಡವಾಗಿ ತಲುಪುತ್ತಿತ್ತು. ರಂಗದ ಮೇಲೆ ಕಪಾಳಕ್ಕೆ ಹೊಡೆದ ಶಬ್ದ ಕೇಳಿದ ಮೇಲೆ ಅವರ ಕಿವಿಯಲ್ಲಿ ನಾನು, ಕೈ ಎತ್ತಿದ, ಎನ್ನುತ್ತಿದ್ದೆ. ಸಿಗ್ನಲ್ ಎರಡು ಸಲ ಹೋಯಿತು. ಪ್ರವಾಸಿ ಮಾರ್ಗದರ್ಶಕರು ಬಳಸುವ ಸಣ್ಣ ಮೈಕ್ ಮತ್ತು ರಿಸೀವರ್ ಸೆಟ್ಟನ್ನು ಬಾಡಿಗೆಗೆ ತಂದ ಮೇಲೆ ಸರಿಹೋಯಿತು.

ಆಗ ಗೊತ್ತಾದದ್ದು ನಮ್ಮ ಭಾಷೆಯದೇ ಒಂದು ತೊಡಕು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಎಡಗಡೆಯ ಬಾಗಿಲಿನಿಂದ ನಿಧಾನವಾಗಿ ದೀಪ ಹಿಡಿದುಕೊಂಡು ಅಜ್ಜಿ, ಎನ್ನುವಷ್ಟರಲ್ಲಿ ರಂಗದ ಮೇಲೆ ಮಾತು ಶುರುವಾದರೆ ಅಜ್ಜಿ ಬಂದಳೋ ಹೋದಳೋ ಬಿದ್ದಳೋ ಗೊತ್ತಾಗುವುದೇ ಇಲ್ಲ. ಆದ್ದರಿಂದ ಅಜ್ಜಿ ಬಂದಳು, ಕೈಯಲ್ಲಿ ದೀಪ, ಎಂದು ತುಂಡು ತುಂಡಾಗಿ ಹೇಳುವುದನ್ನು ರೂಢಿಸಿಕೊಂಡೆ. ಅವಳಿಗೆ ದುಃಖವಾಯಿತು ಎಂದು ಹೇಳಬಾರದೆಂಬುದನ್ನು ಕೇಳುಗರೇ ಕಲಿಸಿದರು. ಸೆರಗಿನಿಂದ ಕಣ್ಣೊರೆಸಿಕೊಂಡಳು ಎಂದಷ್ಟೇ ಹೇಳಿ, ದುಃಖವೋ ಹೊಗೆಯೋ ಎಂಬುದನ್ನು ನಾವು ತೀರ್ಮಾನಿಸುತ್ತೇವೆ ಎಂದರು.

ಪ್ರದರ್ಶನಕ್ಕೆ ಮುಂಚೆ ರಂಗಸಜ್ಜಿಕೆಯನ್ನೂ ಉಡುಪನ್ನೂ ಮುಟ್ಟಿ ನೋಡಲು ಬಿಡುವುದು ಎಲ್ಲಕ್ಕಿಂತ ಸುಲಭದ ಕೆಲಸ. ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಮಾತ್ರ ಚೌಕಿಪೂಜೆಗೆ ಮೊದಲೇ ಕೇಳಿಕೊಳ್ಳಬೇಕು. ಪೂಜೆಯಾದ ಮೇಲೆ ಕಿರೀಟವನ್ನು ಹೊರಗಿನವರು ಮುಟ್ಟುವುದು ಅವರಿಗೆ ಒಪ್ಪಿಗೆಯಾಗಲಿಕ್ಕಿಲ್ಲ. ಒಬ್ಬ ಹುಡುಗಿ ಭುಜಕೀರ್ತಿಯನ್ನು ಸವರಿ, ಇಷ್ಟು ಹಗುರವೇ, ನಾನು ಕಬ್ಬಿಣವೆಂದು ತಿಳಿದಿದ್ದೆ ಎಂದಳು.

ನೀನಾಸಂ ತಿರುಗಾಟ 1985ರಿಂದಲೂ ಊರೂರಿಗೆ ನಾಟಕ ಒಯ್ಯುತ್ತಿದೆ. ಹೀಗೆ ಒಂದೇ ನಾಟಕ ಹತ್ತಾರು ಊರಿಗೆ ಹೋಗುವಾಗ, ಸಜ್ಜಿಕೆ ಮತ್ತು ಪಾತ್ರಗಳ ವರ್ಣನೆಯನ್ನು ಹತ್ತು ನಿಮಿಷದ ಧ್ವನಿಮುದ್ರಣವಾಗಿ ಒಮ್ಮೆ ಮಾಡಿಟ್ಟರೆ ಎಲ್ಲ ಊರಿನ ಕೇಳುಗರಿಗೂ ಒದಗುತ್ತದೆ. ಯಾವ ತಂಡದವರಾದರೂ ಇದನ್ನು ಯೋಚಿಸಬಹುದು. ಆಮಂತ್ರಣವನ್ನು ಬರಿಯ ಚಿತ್ರವಾಗಿ ವಾಟ್ಸ್ಆ್ಯಪ್‌ಗೆ ಹಾಕುವ ಬದಲು ಜೊತೆಗೆ ನಾಲ್ಕು ಸಾಲನ್ನು ಯುನಿಕೋಡ್‌ನಲ್ಲಿ ಟೈಪ್ ಮಾಡಿ. ಫೋನು ಅದನ್ನು ಓದಿ ಹೇಳುತ್ತದೆ.

ಮಾಲತಿ ತೀರ, ತೀರ್ಥಹಳ್ಳಿ ತಾಲ್ಲೂಕು (ಆರು ವಾರಗಳ ನಂತರ):

ಉತ್ತರಿಸಿದ ಎಲ್ಲರಿಗೂ ವಂದನೆಗಳು. ಪಾತ್ರ ಅವನಿಗೇ ಹೋಗಿದೆ. ಇಷ್ಟು ದಿನದ ವರದಿ ಒಪ್ಪಿಸುತ್ತೇನೆ.

ಮೇಷ್ಟ್ರು ಕಡತವನ್ನು ಮೂರು ಸುತ್ತು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ತಾವೇ ಬಸ್ಸಿನಲ್ಲಿ ಬಂದರು. ಅವನನ್ನು ಎದುರಿಗೆ ಕೂರಿಸಿಕೊಂಡು, ತಮ್ಮ ಮಣಿಕಟ್ಟಿನ ಮೇಲೆ ಅವನ ಕೈಯನ್ನಿಟ್ಟು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸುವುದು, ಗಲ್ಲವನ್ನು ಎದೆಗೆ ತಂದು ಹುಬ್ಬು ಎತ್ತಿ ನೋಡುವುದು, ಬೆರಳು ನಾಲಗೆಗೆ ಮುಟ್ಟಿಸಿ ಮಡಿಕೆ ಬಿಡಿಸುವುದು ಎಲ್ಲವನ್ನೂ ಮಾಡಿ ತೋರಿಸಿದರು. ಕನ್ನಡಕದ ಮೇಲಿನಿಂದ ಯಾಕೆ ನೋಡುತ್ತಾರೆಂದು ಅವನು ಕೇಳಿದ. ಹತ್ತಿರದ ಅಕ್ಷರಕ್ಕೆ ಮಾತ್ರ ಕನ್ನಡಕ, ದೂರದ ಮನುಷ್ಯನಿಗೆ ಬೇಡ ಎಂದು ಮೇಷ್ಟ್ರು ವಿವರಿಸಿದಾಗ, ನಮ್ಮಲ್ಲಿ ಅರ್ಧದಷ್ಟು ಜನರಿಗೂ ಅದು ಹೊಸ ವಿಷಯವಾಗಿತ್ತು.

ಮಳೆ ನಮ್ಮ ಒಂದು ಲೆಕ್ಕವನ್ನು ತಲೆಕೆಳಗು ಮಾಡಿತು. ದಿಕ್ಕು ತಿಳಿಯಲೆಂದು ಎಡಗಡೆಯ ವಿಂಗಿನಲ್ಲಿ ಟೇಬಲ್ ಫ್ಯಾನ್ ಇಟ್ಟು ಅದರ ಶಬ್ದವನ್ನು ಗುರುತಾಗಿಸಿಕೊಂಡಿದ್ದೆವು. ನಮ್ಮ ತಾಲೀಮಿನ ಜಾಗಕ್ಕೆ ತಗಡಿನ ಮಾಡು. ಆಗುಂಬೆಯ ಕಡೆಯಿಂದ ಮಳೆ ಬಂದು ಅದರ ಮೇಲೆ ಕುಟ್ಟತೊಡಗಿದರೆ ಫ್ಯಾನು ಹಾಗಿರಲಿ, ಪಕ್ಕದವರ ಮಾತೇ ಕೇಳುವುದಿಲ್ಲ. ಅವನು ನಡುರಂಗದಲ್ಲಿ ನಿಂತುಬಿಟ್ಟ. ಎಲ್ಲ ಕಡೆಯಿಂದಲೂ ಗೋಡೆ ಬಂದು ಹತ್ತಿರ ನಿಂತಂತೆ ಆಗುತ್ತದೆ ಎಂದ. ಮಳೆಯ ಸದ್ದು ಅವನಿಗೆ ಒಂದು ಬಗೆಯ ಕತ್ತಲೆಯೆಂದು ನಮಗೆ ಹೊಳೆದಿರಲಿಲ್ಲ. ಮರುದಿನವೇ ಹುರಿಯೂ ನಾರಿನ ಚಾಪೆಯೂ ಬಂದವು. ಕಾಲಿಗೆ ಮಳೆಯ ಅಡ್ಡಿಯಿಲ್ಲ.

ಒಂದು ಅವಘಡವೂ ಆಯಿತು. ಯಾರೋ ಚಹಾ ಕುಡಿಯಲೆಂದು ಬೆಂಚನ್ನು ಅಡ್ಡ ಎಳೆದು ಹಾಗೆಯೇ ಬಿಟ್ಟಿದ್ದರು, ಅವನ ಮೊಣಕಾಲ ಕೆಳಗೆ ಚರ್ಮ ಸುಲಿಯಿತು. ಇಟ್ಟದ್ದು ಇಟ್ಟಲ್ಲೇ ಇರಬೇಕೆಂದು ಈಗ ಗೋಡೆಗೆ ಬರೆದು ಅಂಟಿಸಿದ್ದೇವೆ. ಅಂದು ಹೊಣೆ ಯಾರೆಂದು ಕೇಳಿದ್ದ ಸಮಿತಿಯ ಸದಸ್ಯರೇ ಬೆಂಚು ಎಳೆದಿದ್ದರೆಂಬುದನ್ನು ಇಲ್ಲಿ ದಾಖಲಿಸಲು ಅವರೇ ಅನುಮತಿ ಕೊಟ್ಟಿದ್ದಾರೆ.

ಮೂರು ದಿನ ಕರೆಂಟು ಹೋದಾಗ ನಮ್ಮ ಕೈಯಲ್ಲಿದ್ದ ಕಾಗದ ನಿಷ್ಪ್ರಯೋಜಕವಾಯಿತು. ಇಡೀ ನಾಟಕ, ಎಲ್ಲರ ಮಾತೂ ಸೇರಿ, ಅವನಿಗೆ ಬಾಯಲ್ಲಿತ್ತು. ಕತ್ತಲಲ್ಲಿ ಕುಳಿತು ಅವನೇ ಪ್ರಾಂಪ್ಟರ್ ಆಗಿ ತಾಲೀಮು ನಡೆಸಿದ.

ಸೊರಬದ ಅಕ್ಕನವರು ಕೇಳಿದ ಪ್ರಶ್ನೆಗೆ: ಅವನ ಅಪ್ಪ ಎರಡು ವರ್ಷದಿಂದ ಪ್ರತಿ ರಾತ್ರಿ ಹೊರಗೆ ಬೈಕಿನ ಮೇಲೆ ರೇನ್‌ಕೋಟು ಹಾಕಿಕೊಂಡು ಕಾಯುತ್ತಿದ್ದರು, ನಾವು ಯಾರೂ ಒಳಗೆ ಕರೆದಿರಲಿಲ್ಲ. ಈಗ ವಾರದ ಸರದಿ ಹಾಕಿಕೊಂಡಿದ್ದೇವೆ. ಅಪ್ಪ ಮಾತ್ರ ಈಗಲೂ ಬರುತ್ತಾರೆ. ಅವರಿಗೆ ತಳವಾರನ ಪಾತ್ರ ಸಿಕ್ಕಿದೆ.

ಮಂದ್ರಸ್ಥಾಯಿ, ತೀರ್ಥಹಳ್ಳಿ ತಾಲ್ಲೂಕು:

ಮೇಲಿನ ಅಷ್ಟೂ ಬರಹಗಳನ್ನು ಫೋನಿನಲ್ಲಿ ಕೇಳಿದೆ. ನಾನೇ ಆ ಹುಡುಗ. ನನ್ನ ವಿಷಯ ಇಷ್ಟು ದಿನ ಚರ್ಚೆಯಾದದ್ದನ್ನು ನನಗೆ ಮೊದಲೇ ತಿಳಿಸಿದ್ದರೆ ಚೆನ್ನಾಗಿತ್ತು ಎಂದು ಕಾರ್ಯದರ್ಶಿಗಳಿಗೆ ಹೇಳಿದ್ದೇನೆ, ಅವರು ಒಪ್ಪಿಕೊಂಡಿದ್ದಾರೆ.

ಬಿಳಿಕೋಲು ಸರ್, ಆ ಪಾತ್ರವನ್ನು ಯಾಕೆ ಕೇಳಿದೆನೆಂದು ನೀವು ಊಹಿಸಿದ್ದು ಸರಿ, ಆದರೆ ಪೂರ್ತಿ ಅಲ್ಲ. ನನಗೆ ಅವನು ಕೆಟ್ಟವನೆಂಬುದೇ ಇಷ್ಟವಾಯಿತು. ಸುಳ್ಳು ಲೆಕ್ಕ ಬರೆಯುತ್ತಾನೆ, ವಿಧವೆಯ ಗದ್ದೆ ನುಂಗುತ್ತಾನೆ. ನನ್ನನ್ನು ಈವರೆಗೆ ಯಾರೂ ಕೆಟ್ಟವನೆಂದು ತಿಳಿದಿಲ್ಲ, ಪಾಪದವನು ಎಂದೇ ಎಲ್ಲರೂ ಮಾತನಾಡಿಸುವುದು. ಎರಡನೆಯ ಅಂಕದಲ್ಲಿ ವಿಧವೆಯ ಪಾತ್ರ ಮಾಡುವ ಅಕ್ಕ ನಿನ್ನೆ ನಿಜವಾಗಿಯೂ ಸಿಟ್ಟಿನಿಂದ ಬೈದರು. ಅವರ ಉಸಿರಿನಲ್ಲಿಯೇ ಅದು ಗೊತ್ತಾಯಿತು.

ಸಹನಟರಲ್ಲಿ ಒಂದು ವಿನಂತಿಯಿದೆ. ನಡುವೆ ಮೌನ ಬಂದಾಗ ನನಗೆ ಭಯವಾಗುತ್ತದೆ. ನೀವು ಬೇಕೆಂದೇ ನಿಲ್ಲಿಸಿದ್ದೀರೋ, ಮಾತು ಮರೆತಿದ್ದೀರೋ, ಎದ್ದು ಹೋಗಿದ್ದೀರೋ ನನಗೆ ತಿಳಿಯುವುದಿಲ್ಲ. ಬಳೆ ಸದ್ದಾಗಲಿ, ಕಾಲು ನೆಲಕ್ಕೆ ಉಜ್ಜಲಿ, ಕೆಮ್ಮಾದರೂ ಸರಿ. ಪಟೇಲರ ಪಾತ್ರ ಮಾಡುವ ಅಣ್ಣನವರು ಮೂರನೆಯ ದೃಶ್ಯದಲ್ಲಿ ನನ್ನ ಪ್ರಶ್ನೆಗೆ ಇನ್ನೂ ತಲೆಯಾಡಿಸಿಯೇ ಉತ್ತರ ಕೊಡುತ್ತಿದ್ದಾರೆ. ಅವರು ಹೂಂ ಎಂದಿದ್ದೋ ಉಹೂಂ ಎಂದಿದ್ದೋ ಗೊತ್ತಾಗದೆ, ಭಾನುವಾರ ನಾನು ಎಂಟು ಗುಂಟೆ ಗದ್ದೆಯನ್ನು ತಪ್ಪು ಹೆಸರಿಗೆ ಬರೆದುಬಿಟ್ಟೆ.